ಎಲ್ಲ ನೋಡಿ ಕೊಂಡ ಜೆಟ್ ಬೋಟು

"ಗುರುಗಳೇ, ಹಳೆಯ ಜೆಟ್ ಬೋಟು ಕೊಳ್ಳುವ ಮೊದಲು ಏನೇನು ನೋಡಬೇಕು?"

ಕೇಳಿದವನು ಸುಬ್ರಾಯ. ಆಶ್ರಮ ಹೊಳೆಯ ಈಚೆ ದಡದಲ್ಲಿತ್ತು. ಆಶ್ರಮದ ತರಕಾರಿ ಗದ್ದೆ ಆಚೆ ದಡದಲ್ಲಿತ್ತು. ನಡುವೆ ದೋಣಿ ನಡೆಸುವ ಹೊಣೆ ಸುಬ್ರಾಯನದು. ಪಕ್ಕದ ಊರಿನಲ್ಲಿ ಒಂದು ಜೆಟ್ ಬೋಟು ಮಾರಾಟಕ್ಕಿತ್ತು. ಮರುದಿನ ಬೆಳಿಗ್ಗೆ ಹೋಗಿ ಅದನ್ನು ನೋಡಿ ಬರಲು ಅಪ್ಪಣೆ ಕೇಳಿ, ಅಪ್ಪಣೆ ಸಿಕ್ಕ ಮೇಲೆ ಈ ಪ್ರಶ್ನೆ ಕೇಳಿದ್ದ. ಕೈಯಲ್ಲಿ ಪೆನ್ನು, ಪುಸ್ತಕ ಇದ್ದವು.

ಗುರುಗಳು "ಬರೆದುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಊರು. ಅಲ್ಲಿ ಒಬ್ಬ ವರ್ತಕನಿದ್ದ. ಬೆಲ್ಲ ಮತ್ತು ಒಣಮೆಣಸು ಅವನ ವ್ಯಾಪಾರ. ಮಾಲು ನೋಡುವುದರಲ್ಲಿ ಅವನ ಕಣ್ಣು ತಪ್ಪಿದ್ದಿಲ್ಲ. ಬೆಲ್ಲದ ಅಚ್ಚು ಮುರಿದು, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಆಲೆಮನೆಯಲ್ಲಿ ಆ ದಿನ ಸುಣ್ಣ ಹೆಚ್ಚಾಗಿತ್ತೋ ಇಲ್ಲವೋ ಹೇಳುತ್ತಿದ್ದ. ಮೆಣಸಿನ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ ತಳದ ಮೆಣಸು ಹೊರಗೆ ತೆಗೆಯುತ್ತಿದ್ದ. ಮುರಿದಾಗ ಅದು ಪಟ್ಟೆನ್ನಬೇಕು. ಬಾಗಿತೋ, ಚೀಲ ಬಂದ ಗಾಡಿಯಲ್ಲೇ ವಾಪಸು. ಅವನಿಗೆ ಮಾಲು ತರುವವರು ಮನೆದೇವರಿಗೆ ಕೈಮುಗಿದು ಹೊರಡುತ್ತಿದ್ದರು.

ವರ್ತಕನ ಹೆಂಡತಿಗೆ ಒಬ್ಬಳೇ ತಂಗಿ. ಅವಳನ್ನು ಹೊಳೆಯ ನಡುವಿನ ಕುರ್ವೆಗೆ, ಅಂದರೆ ನಡುಗಡ್ಡೆಗೆ, ಮದುವೆ ಮಾಡಿ ಕೊಟ್ಟಿದ್ದರು. ಕಣ್ಣಿಗೆ ಕಾಣುವ ದೂರ. ಆದರೆ ಸಮುದ್ರ ಇಳಿದ ಹೊತ್ತಿನಲ್ಲಿ ಹೊಳೆಯ ನೀರೂ ಇಳಿಯುತ್ತಿತ್ತು. ಕುರ್ವೆಯ ಸುತ್ತ ಮರಳು ಮೇಲೇಳುತ್ತಿತ್ತು. ದೋಣಿ ಹೋಗುತ್ತಿರಲಿಲ್ಲ. ತಂಗಿಯ ಸೀಮಂತದ ದಿನ ಹೀಗೇ ಆಯಿತು. ದೋಣಿಯವನು ಉಬ್ಬರ ಬರಲಿ ಎಂದು ಕಾದ. ಇವರು ಮುಟ್ಟುವಾಗ ಆರತಿ ಆಗಿತ್ತು, ಊಟ ಆಗಿತ್ತು, ಎಲೆ ಎತ್ತುತ್ತಿದ್ದರು.

ಹೆಂಡತಿ ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೂ ಮೂರು ದಿನ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ವರ್ತಕನೇ ಸೋತ.

"ಮುಂದಿನ ಸಲ ಲಗ್ನದ ಮೊದಲು ನಿನ್ನನ್ನು ತಂಗಿಯ ಬಾಗಿಲಲ್ಲಿ ಇಳಿಸುತ್ತೇನೆ. ಮಾತು ಕೊಟ್ಟೆ" ಎಂದ.

"ನೋಡೋಣ" ಎಂದಳು ಹೆಂಡತಿ. ಅಂದು ಸಾರಿಗೆ ಉಪ್ಪು ಬಿತ್ತು.

ಎರಡು ವರ್ಷ ಕಳೆಯಿತು. ತಂಗಿಯ ಗಂಡ, ವರ್ತಕನಿಗೆ ಷಡ್ಡಕ, ಕುರ್ವೆಯಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಆಮಂತ್ರಣ ಬಂತು. ಬುಧವಾರ, ಹನ್ನೊಂದು ಇಪ್ಪತ್ತರ ಲಗ್ನ. ವರ್ತಕ ಆ ದಿನದ ನೀರಿನ ಲೆಕ್ಕವನ್ನು ಮೀನುಗಾರರ ಹತ್ತಿರ ಕೇಳಿದ. ಹನ್ನೊಂದರ ಸುಮಾರಿಗೆ ಪೂರ್ತಿ ಇಳಿತ. ಅವನಿಗೆ ರಾತ್ರಿ ಅನ್ನ ಸೇರಲಿಲ್ಲ.

ಅದೇ ವಾರ ಅವನು ಬೆಲ್ಲದ ವ್ಯವಹಾರಕ್ಕೆಂದು ಅಳಿವೆಯ ಕೆಳಗಿನ ಊರಿಗೆ ಹೋದ. ಅಲ್ಲಿ ಒಂದು ತೆಂಗಿನ ತೋಪಿನ ಬದಿಯಲ್ಲಿ, ಗಾಲಿಗಾಡಿಯ ಮೇಲೆ, ಕೆಂಪು ಬಣ್ಣದ ಜೆಟ್ ಬೋಟು ನಿಂತಿತ್ತು. ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದವನೊಬ್ಬ ಆ ಕೆಲಸ ಬಿಟ್ಟು ಅದನ್ನು ಮಾರಲು ಇಟ್ಟಿದ್ದ.

"ಇದರ ಅಡಿಯಲ್ಲಿ ಫ್ಯಾನು ಇಲ್ಲ" ಎಂದ ಮಾರುವವನು. "ಹೊಟ್ಟೆಯಿಂದ ನೀರು ಹೀರುತ್ತದೆ, ಹಿಂದಿನಿಂದ ಚಿಮ್ಮುತ್ತದೆ. ಆ ರಭಸಕ್ಕೆ ಓಡುತ್ತದೆ. ಓಡುತ್ತಾ ಇದ್ದರೆ ಒಂದು ಗೇಣು ನೀರು ಸಾಕು."

"ಒಂದು ಗೇಣು!" ಎಂದ ವರ್ತಕ.

ಅವನು ಬೋಟಿನ ಪಕ್ಕೆಯ ಮೇಲೆ ಕೈ ಇಟ್ಟ. ಕರುವಿನ ಬೆನ್ನು ಸವರುವಂತೆ ಒಮ್ಮೆ ಸವರಿದ. ಬೆಲ್ಲದ ಮಾತು ಅಂದು ಆಗಲಿಲ್ಲ.

ಬರುವ ದಾರಿಯಲ್ಲಿ ಪುರೋಹಿತರ ಮನೆಗೆ ಹೋದ. ವಾಹನ ಕೊಳ್ಳಲು ಒಳ್ಳೆಯ ಗಳಿಗೆ ಕೇಳಿದ. ಪುರೋಹಿತರು ಬೋಟು ಎಂದು ತಿಳಿದು ಸ್ವಲ್ಪ ಯೋಚಿಸಿ, ಪಂಚಾಂಗ ಮಗುಚಿ, "ಬುಧವಾರವೇ ಇದೆ. ಒಂಬತ್ತು ಹತ್ತರಿಂದ ಒಂಬತ್ತು ಮೂವತ್ತನಾಲ್ಕು. ಅದು ಮೀರಿದರೆ ಮುಂದಿನ ತಿಂಗಳು" ಎಂದರು. ಅಲ್ಲಿಂದ ಮನೆಗೆ ಬಂದು ಹೆಂಡತಿಗೆ ಹೇಳಿದ. ಹೆಂಡತಿಗೆ ಹೇಳಿ ಷಡ್ಡಕನಿಗೆ ಫೋನು ಮಾಡಿದ. ಷಡ್ಡಕ ನಕ್ಕು, "ಬನ್ನಿ ಭಾವ, ಜೆಟ್ಟು ನಿಲ್ಲಿಸಲು ಚಪ್ಪರದ ಹತ್ತಿರ ಜಾಗ ಬಿಡಿಸುತ್ತೇನೆ" ಎಂದ. ಹೂವಿನವಳಿಗೆ ಎಂಟು ಮೊಳದ ಹಾರ ಹೇಳಿದ್ದಾಯಿತು.

ಇಷ್ಟೆಲ್ಲ ಮುಗಿದ ಮೇಲೆ ವರ್ತಕನಿಗೆ ತಾನು ನೋಡಿ ಕೊಳ್ಳುವವನು ಎಂಬುದು ನೆನಪಾಯಿತು. ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಒಬ್ಬ ಮೇಸ್ತ್ರಿಯಿದ್ದ. ಮೂವತ್ತು ವರ್ಷ ಅದೇ ಕೆಲಸ. ಮಾತು ಕಡಿಮೆ. ವರ್ತಕ ಅವನ ಬಳಿ ಹೋಗಿ, "ಮೇಸ್ತ್ರಿ, ಕಣ್ಣು ಮುಚ್ಚಿ ಕೊಳ್ಳುವ ಆಸಾಮಿ ನಾನಲ್ಲ. ನೀವು ಬಂದು ಒಂದೂ ಬಿಡದೆ ನೋಡಬೇಕು" ಎಂದ.

"ಯಾವಾಗ?" ಎಂದ ಮೇಸ್ತ್ರಿ.

"ಬುಧವಾರ ಒಂಬತ್ತಕ್ಕೆ. ಒಂಬತ್ತು ಮೂವತ್ತನಾಲ್ಕಕ್ಕೆ ಮುಗಿಯಬೇಕು."

ಮೇಸ್ತ್ರಿ ಅವನ ಮುಖ ನೋಡಿದ. ಬರುತ್ತೇನೆ ಎಂದ.

ಬುಧವಾರ ಎಲ್ಲರೂ ತೋಪಿನಲ್ಲಿ ಸೇರಿದರು. ವರ್ತಕನ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ತಂಗಿಗೆ ಕೊಡುವ ಹಿತ್ತಾಳೆಯ ದೀಪದ ಕಂಬ ತೊಡೆಯ ಮೇಲಿತ್ತು. ಇಳಿದು ಹತ್ತಿ ಮಾಡಿದರೆ ಸೀರೆ ಹಾಳು ಎಂದು ವರ್ತಕ ಅವಳನ್ನು ಮೊದಲೇ ಬೋಟಿನಲ್ಲಿ ಕೂರಿಸಿದ್ದ. ಬೋಟು ನೆಲದ ಮೇಲೆ ಗಾಡಿಯಲ್ಲಿತ್ತು. ಅವಳು ಅದರ ಮೇಲೆ, ತೆಂಗಿನ ಮರಗಳ ನಡುವೆ, ಮೆರವಣಿಗೆಗೆ ಹೊರಟ ಮೂರ್ತಿಯ ಹಾಗೆ ಕೂತಿದ್ದಳು.

ಮೇಸ್ತ್ರಿ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ತಂದಿದ್ದ.

"ಮೊದಲು ಎಂಜಿನ್" ಎಂದ. "ಅಮ್ಮಾ, ಸ್ವಲ್ಪ ಏಳಬೇಕು. ಎಂಜಿನ್ ನಿಮ್ಮ ಕೆಳಗಿದೆ."

"ಅದಕ್ಕೇ ಸೀಟು ಬಿಸಿ" ಎಂದಳು ಅವಳು.

"ಬಿಸಿಲಿಗೆ" ಎಂದ ವರ್ತಕ.

ಮೇಸ್ತ್ರಿ ತಲೆಯೆತ್ತಿ ನೋಡಿದ. ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು. ಮುಚ್ಚಳ ತೆಗೆದು ಎಂಜಿನ್ನಿನ ಮೇಲೆ ಅಂಗೈ ಇಟ್ಟ. "ಹಳೆಯ ಎಂಜಿನ್ನನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಬೇಕು. ಬಿಸಿ ಇದ್ದರೆ ಎಂಥದ್ದೂ ಸ್ಟಾರ್ಟ್ ಆಗುತ್ತದೆ. ಇದನ್ನು ಯಾರೋ ಬೆಳಿಗ್ಗೆಯೇ ಓಡಿಸಿದ್ದಾರೆ."

ಮಾರುವವನು ಕೆಮ್ಮಿದ. "ನೀವು ದೂರದಿಂದ ಬರುವವರು, ಕಾಯಿಸುವುದು ಬೇಡ ಅಂತ…"

"ಎಷ್ಟು ಒಳ್ಳೆಯವರು ನೋಡಿ" ಎಂದ ವರ್ತಕ.

ಮೇಸ್ತ್ರಿ ಎಣ್ಣೆಯ ಕಡ್ಡಿ ಎಳೆದ. ಕಡ್ಡಿಯ ತುದಿಯಲ್ಲಿ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. "ಎಣ್ಣೆಗೆ ನೀರು ಸೇರಿದೆ."

"ಎಣ್ಣೆ ಬದಲಾಯಿಸಿದರೆ ಆಯಿತಲ್ಲ?"

"ಎಣ್ಣೆ ಬದಲಾಯಿಸಬಹುದು. ನೀರು ಬಂದ ದಾರಿ ಅಲ್ಲೇ ಇರುತ್ತದೆ."

ವರ್ತಕ ತಲೆಯಾಡಿಸಿದ. ಅವನು ಹಾರದ ಒಂದು ತುದಿಯನ್ನು ಬೋಟಿನ ಮೂತಿಗೆ ಕಟ್ಟುತ್ತಿದ್ದ.

ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಬೋಟಿನ ತಳವನ್ನು ತಟ್ಟುತ್ತ ಹೋದ. ಟಣ್, ಟಣ್, ಟಣ್ ಎಂದಿತು. ಎಂಜಿನ್ನಿನ ಹತ್ತಿರ ಬಂದಾಗ ದಬ್ ಎಂದಿತು. ಅಲ್ಲಿ ಮತ್ತೆ ತಟ್ಟಿದ. ಮತ್ತೆ ದಬ್. "ಫೈಬರಿನ ಒಳಗೆ ಮರದ ಪಟ್ಟಿ ಇರುತ್ತದೆ. ಎಂಜಿನ್ ಕೂರುವುದು ಅದರ ಮೇಲೆ. ಅದು ನೀರು ಕುಡಿದು ಕೊಳೆತಿದೆ" ಎಂದ. ಆ ಸದ್ದು ವರ್ತಕನಿಗೂ ಕೇಳಿಸಿತು. ಹಸಿ ಮೆಣಸಿಗೂ ಒಣ ಮೆಣಸಿಗೂ ಇರುವಷ್ಟು ವ್ಯತ್ಯಾಸ. ಅವನ ಕೈ ಒಂದು ಗಳಿಗೆ ಹಾರದ ಮೇಲೆ ನಿಂತಿತು.

"ಎಲ್ಲ ಕಡೆಯೂ ಟಣ್ ಅನ್ನುವುದಕ್ಕೆ ಇದೇನು ದೇವಸ್ಥಾನದ ಗಂಟೆಯೇ?" ಎಂದು ಗಂಟು ಬಿಗಿದ.

ಆಮೇಲೆ ಮೇಸ್ತ್ರಿ ಬೋಟಿನ ಅಡಿಗೆ ತೂರಿ ಅಂಗಾತ ಮಲಗಿದ. ಟಾರ್ಚು ಬಿಟ್ಟ. ನೀರು ಹೀರುವ ಬಾಯಿಗೆ ಕಬ್ಬಿಣದ ಜಾಲರಿಯಿತ್ತು. ಅದರ ಎರಡು ಸರಳು ಬಾಗಿದ್ದವು. ಬೋಟು ಕಲ್ಲಿನ ಮೇಲೆ ಹತ್ತಿ ಇಳಿದ ಗೀರುಗಳು ಉದ್ದಕ್ಕೂ ಇದ್ದವು. ಜಾಲರಿಯ ಒಳಗೆ ನೀರನ್ನು ಹಿಂದಕ್ಕೆ ಎಸೆಯುವ ಚಕ್ರ. ಚಕ್ರದ ಅಂಚು ಹಳೆಯ ಕತ್ತಿಯ ಹಾಗೆ ಹಲ್ಲು ಹಲ್ಲಾಗಿತ್ತು.

ಅಡಿಯಿಂದಲೇ ಒಂದು ಕೈ ಹೊರಗೆ ಬಂತು. "ಒಂದು ಕಾಗದ ಕೊಡಿ."

ವರ್ತಕನ ಜೇಬಿನಲ್ಲಿ ಇದ್ದದ್ದು ಗೃಹಪ್ರವೇಶದ ಆಮಂತ್ರಣ ಪತ್ರಿಕೆ. ಅದನ್ನೇ ಕೊಟ್ಟ. ಒಳ್ಳೆಯ ದಪ್ಪ ಪತ್ರಿಕೆ, ಮೇಲೆ ಬೆಳ್ಳಿಯ ಬಣ್ಣದ ಗಣಪತಿ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಹೊರಗೆ ಬಂದು ಬೆನ್ನಿನ ಮರಳು ಕೊಡವಿದ.

"ಚಕ್ರಕ್ಕೂ ಅದರ ಸುತ್ತಿನ ಗೋಡೆಗೂ ನಡುವೆ ಒಂದು ತೆಳು ಕಾಗದ ಹೋಗುವಷ್ಟು ಸಂದು ಇರಬೇಕು. ನಿಮ್ಮ ಪತ್ರಿಕೆಯನ್ನು ಎರಡು ಮಡಿಕೆ ಮಾಡಿ ಹಾಕಿದೆ. ಸಲೀಸಾಗಿ ಹೋಯಿತು. ಮರಳು ತಿಂದು ಸವೆದಿದೆ. ಹೀರಿದ ನೀರಿನಲ್ಲಿ ಅರ್ಧ ಹಿಂದಕ್ಕೇ ಜಾರುತ್ತದೆ."

"ಅರ್ಧ ಉಳಿಯುತ್ತದಲ್ಲ" ಎಂದ ವರ್ತಕ.

ಬೋಟಿನಲ್ಲಿ ಕೂತವಳು ತುಟಿ ಬಿಗಿ ಹಿಡಿದು ಬೇರೆ ಕಡೆ ನೋಡಿದಳು.

ಕೊಳ್ಳುವವನ ಉತ್ಸಾಹ ಕಂಡು ಮಾರುವವನಿಗೇ ಒಂದು ಬಗೆಯ ಭಯ ಹುಟ್ಟಿತು. ಅವನೂ ಹೆಂಡತಿ ಮಕ್ಕಳಿದ್ದವನು. ಮುಂದೆ ಬಂದು, "ಸಾವಕಾರ್ರೇ, ಒಂದು ಮಾತು. ಆ ಸ್ಟೇರಿಂಗಿನ ಕೇಬಲ್ಲು ತುಕ್ಕು ಹಿಡಿದಿದೆ. ಹಿಂದಕ್ಕೆ ಹೋಗುವಾಗ ನೀರಿಗೆ ಅಡ್ಡ ಬೀಳುವ ಒಂದು ಬಟ್ಟಲು ಇದೆ, ಅದೂ ಪೂರ್ತಿ ಇಳಿಯುವುದಿಲ್ಲ. ಒಂದು ವಾರ ಬಿಡಿ. ನಾನೇ ಮಾಡಿಸಿ ಕೊಡುತ್ತೇನೆ" ಎಂದ.

ವರ್ತಕನಿಗೆ ಸಿಟ್ಟು ಬಂತು.

"ಏನು ಮಾರಾಯ್ರೆ! ನಿಮ್ಮ ವಸ್ತುವನ್ನು ನೀವೇ ಹೀಗೆ ಬೈದರೆ ಹೇಗೆ? ವ್ಯಾಪಾರ ಮಾಡುವ ರೀತಿಯೇ ಇದು?"

ಮಾರುವವನು ತಪ್ಪಾಯಿತು ಎಂದು ಹಿಂದೆ ಸರಿದ. ತಾನು ಬೆಲೆ ಕಡಿಮೆ ಹೇಳಿಬಿಟ್ಟೆನೋ ಎಂಬ ಅನುಮಾನ ಅವನಿಗೆ ಆಮೇಲೆ ಬಹಳ ದಿನ ಇತ್ತು.

ಮೇಸ್ತ್ರಿ ಕಾಗದಪತ್ರ ಕೇಳಿದ. ನೋಂದಣಿ, ಹೆಸರು, ಎಂಜಿನ್ನಿನ ನಂಬರು ಎಲ್ಲ ತಾಳೆ ನೋಡಿದ. ಕಾಗದ ಮಾತ್ರ ಚೊಕ್ಕವಾಗಿತ್ತು.

"ನೋಡಿದಿರಾ!" ಎಂದ ವರ್ತಕ.

"ಇನ್ನೊಂದು ಉಳಿದಿದೆ. ನೀರಿಗೆ ಇಳಿಸಿ ಅರ್ಧ ಗಂಟೆ ಓಡಿಸಬೇಕು. ಬಿಸಿ ಏರುತ್ತದೋ, ನೀರು ಒಳಗೆ ಬರುತ್ತದೋ, ತಿರುಗಿಸಿದ ಕಡೆ ತಿರುಗುತ್ತದೋ, ಆಗಲೇ ಗೊತ್ತಾಗುವುದು."

ವರ್ತಕ ಗಡಿಯಾರ ನೋಡಿದ. ಒಂಬತ್ತು ಇಪ್ಪತ್ತಾರು. "ಅರ್ಧ ಗಂಟೆ ಓಡಿಸಿದರೆ ಗಳಿಗೆ ಮೀರುತ್ತದೆ. ಮೊದಲು ಕೊಳ್ಳೋಣ. ಆಮೇಲೆ ನಾನೇ ಓಡಿಸಿ ನೋಡುತ್ತೇನೆ. ಅದಿರಲಿ, ನಿಮ್ಮ ಅಭಿಪ್ರಾಯ ಹೇಳಿ ಮೇಸ್ತ್ರಿ. ಮುಚ್ಚುಮರೆ ಬೇಡ. ತೆಗೆದುಕೊಳ್ಳಬಹುದೇ?"

"ಬೇಡ."

"ಅಲ್ಲ, ತೆಗೆದುಕೊಂಡರೆ ಏನೇನು ಮಾಡಿಸಬೇಕಾದೀತು?"

"ಎಂಜಿನ್ನು. ಪಂಪು. ತಳ."

"ಅಷ್ಟೇ ಅಲ್ಲವೇ!" ಎಂದು ವರ್ತಕ ನಿರಾಳವಾಗಿ ಉಸಿರು ಬಿಟ್ಟ.

ಒಂಬತ್ತು ಮೂವತ್ತಕ್ಕೆ ಬೋಟು ಅವನದಾಯಿತು. ತೆಂಗಿನಕಾಯಿ ಒಡೆದರು. ವಾಹನವೆಂದ ಮೇಲೆ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಬೇಕು. ಬೋಟಿಗೆ ಚಕ್ರವಿಲ್ಲ. ಹಾಗಾಗಿ ಅದನ್ನು ಹೊತ್ತ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊಳೆಗೆ ತಳ್ಳಿದರು. ಮೇಸ್ತ್ರಿ ಮೊಣಕಾಲು ನೀರಿನಲ್ಲಿ ನಿಂತು ಕೊನೆಯ ಮಾತು ಹೇಳಿದ. "ಸಾವಕಾರ್ರೇ, ಇದಕ್ಕೆ ಚುಕ್ಕಾಣಿ ಇಲ್ಲ. ನೀರು ಚಿಮ್ಮುವ ಮೂತಿಯನ್ನೇ ಆಚೀಚೆ ತಿರುಗಿಸುವುದು. ನೀರು ಚಿಮ್ಮುತ್ತಾ ಇದ್ದರೆ ಮಾತ್ರ ತಿರುಗುತ್ತದೆ. ಹೆದರಿ ವೇಗ ಬಿಟ್ಟಿರೋ, ಮೂಗಿನ ನೇರಕ್ಕೆ ಹೋಗುತ್ತದೆ."

"ಗೊತ್ತಾಯಿತು, ಗೊತ್ತಾಯಿತು. ಹತ್ತಿ ಮೇಸ್ತ್ರಿ, ನಿಮ್ಮನ್ನು ಬಂದರಿನ ತನಕ ಬಿಡುತ್ತೇನೆ."

"ಬೇಡ" ಎಂದ ಮೇಸ್ತ್ರಿ. "ನನಗೆ ಮನೆಗೆ ಹೋಗಬೇಕು." ಬಸ್ಸು ನಿಲ್ಲುವ ಕಡೆಗೆ ನಡೆದ.

ಬೋಟು ಹೊರಟಿತು. ಹೊರಟದ್ದೇ ಹಾರಿತು. ಎಂಟು ಮೊಳದ ಹಾರದಲ್ಲಿ ನಾಲ್ಕು ಮೊಳ ಗಾಳಿಗೆ ಹೋಯಿತು. ವರ್ತಕನ ಜನ್ಮದಲ್ಲಿ ಅಂಥ ಸುಖ ಇರಲಿಲ್ಲ. ಕುರ್ವೆಗೆ ಹತ್ತು ನಿಮಿಷದ ದಾರಿ. ಲಗ್ನಕ್ಕೆ ಇನ್ನೂ ಒಂದೂವರೆ ಗಂಟೆ. ಇಷ್ಟು ಬೇಗ ಹೋಗಿ ಮಾಡುವುದೇನು ಎನ್ನಿಸಿತು. ತನ್ನ ಊರಿನಲ್ಲಿ ದೋಣಿ ನಿಲ್ಲುವ ಧಕ್ಕೆಯ ಮುಂದೆ ಒಂದು ಸುತ್ತು ಹೊಡೆದ. ಧಕ್ಕೆಯ ಮೇಲಿದ್ದವರು ಕೈ ಬೀಸಿದರು. ಮೀನು ಮಾರುಕಟ್ಟೆಯವರು ನೋಡಲಿಲ್ಲವೇನೋ ಎಂದು ಇನ್ನೊಂದು ಸುತ್ತು ಹೊಡೆದ. ಬೆಲ್ಲದ ಇನ್ನೊಬ್ಬ ವರ್ತಕ ಅಂಗಡಿಯಿಂದ ಹೊರಗೆ ಬಂದ. ಅವನಿಗಾಗಿ ಮೂರನೆಯ ಸುತ್ತು. ಆಮೇಲಿನ ಸುತ್ತುಗಳನ್ನು ಅವನು ಎಣಿಸಲಿಲ್ಲ.

"ಕೇಳಿದ್ರಾ, ಕುರ್ವೆ ಆ ಕಡೆ ಇದೆ" ಎಂದಳು ಹೆಂಡತಿ.

"ಗೊತ್ತು."

"ನೀರು ಇಳಿಯುತ್ತಾ ಇದೆ."

"ಒಂದು ಗೇಣು ಸಾಕು ಇದಕ್ಕೆ!"

ಎಂಜಿನ್ನಿನ ಸದ್ದು ಅಷ್ಟು ಹೊತ್ತಿಗೆ ಬದಲಾಗಿತ್ತು. ಅವಳ ಕಾಲಬುಡದಲ್ಲಿ ಎರಡು ಬೆರಳು ನೀರು ನಿಂತಿತ್ತು. ಅವಳು ಸೀರೆ ಎತ್ತಿ ಹಿಡಿದು ದೀಪದ ಕಂಬವನ್ನು ಮಡಿಲಿಗೆ ಏರಿಸಿದಳು. ಹತ್ತೂ ಮುಕ್ಕಾಲಿಗೆ ವರ್ತಕ ಬೋಟನ್ನು ಕುರ್ವೆಯ ಕಡೆಗೆ ತಿರುಗಿಸಿದ. ಷಡ್ಡಕನ ಮನೆಯ ಚಪ್ಪರ ಕಂಡಿತು. ಓಲಗದ ಸದ್ದೂ ಕೇಳಿಸಿತು.

ಕುರ್ವೆಯ ಎದುರಿನ ಮರಳಿನಲ್ಲಿ ಎಂಟು ಹತ್ತು ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಬೋಟು ನೇರ ಅವರ ಮೇಲೆಯೇ ಹೊರಟಿತ್ತು. ವರ್ತಕ ಹೆದರಿದ. ಹೆದರಿದವನು ಮಾಡುವುದನ್ನೇ ಮಾಡಿದ. ವೇಗ ಪೂರ್ತಿ ಬಿಟ್ಟು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಸ್ಟೇರಿಂಗು ತಿರುಗಿತು. ಬೋಟು ತಿರುಗಲಿಲ್ಲ. ಬುಟ್ಟಿ ಬಿಟ್ಟು ಹೆಂಗಸರು ಎರಡೂ ಕಡೆ ಹಾರಿದರು. ಬೋಟು ನಡುವೆ ನುಗ್ಗಿ, ವೇಗ ಕಳೆದುಕೊಂಡು, ಹೊಟ್ಟೆ ಊರಿ, ಒಂದು ಬಾಯಿ ಮರಳು ಹೀರಿ, ಎರಡು ಸಲ ಕೆಮ್ಮಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕೇ ಎಲ್ಲರ ಬಾಯಿಗೂ ಬಲವಿತ್ತು. ಬೈಗುಳ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ವರ್ತಕ ಕೀಲಿ ತಿರುಗಿಸಿದ. ಕಟ್ ಎಂದಿತು. ಮತ್ತೆ ತಿರುಗಿಸಿದ. ಅದೂ ಇಲ್ಲ.

ಅವರಲ್ಲಿ ಹಿರಿಯಳೊಬ್ಬಳು ಹತ್ತಿರ ಬಂದು ಬೋಟನ್ನು ಮೂತಿಯಿಂದ ಬಾಲದವರೆಗೆ ನೋಡಿದಳು.

"ಎಲ್ಲಿಗೆ ಹೊರಟಿರಿ ಸಾವಕಾರ್ರೇ?"

"ಅಲ್ಲಿಗೆ. ಆ ಚಪ್ಪರಕ್ಕೆ."

"ಅಲ್ಲಿಗೆ ಬೋಟು ಯಾಕೆ? ನಡೆದರೆ ಕಾಲು ಗಂಟೆ. ಕೆಸರಿನ ಜಾಗ ಎಲ್ಲಿದೆ ಅಂತ ನನಗೆ ಗೊತ್ತು. ನಾ ಕಾಲಿಟ್ಟಲ್ಲೇ ಕಾಲಿಡಿ."

"ಇದನ್ನು ಎಳೆದುಕೊಂಡು ಹೋಗಲು ಎಷ್ಟು ಹೊತ್ತು ಬೇಕು?"

"ಇದನ್ನಾ? ಉಬ್ಬರ ಬಂದ ಮೇಲೆ ಕೇಳಿ."

ಗಡಿಯಾರದಲ್ಲಿ ಹತ್ತು ಐವತ್ತೆಂಟು. ಹೆಂಡತಿ ಎದ್ದು ನಿಂತಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದಳು. ಹಿತ್ತಾಳೆಯ ಕಂಬವನ್ನು ಹೆಗಲಿಗೆ ಇಟ್ಟಳು. ನೀರಿಗೆ ಇಳಿದಳು.

"ಬನ್ನಿ" ಎಂದಳು ಗಂಡನಿಗೆ.

ವರ್ತಕ ಚಪ್ಪರ ನೋಡಿದ. ಬೋಟು ನೋಡಿದ. ಉಬ್ಬರ ಬಂದರೆ ಬೋಟು ತೇಲುತ್ತದೆ. ತೇಲಿದರೆ ಹೊಳೆ ಎಲ್ಲಿಗೋ ಒಯ್ಯುತ್ತದೆ. ಕಟ್ಟಲು ಅಲ್ಲಿ ಒಂದು ಗೂಟವಿಲ್ಲ.

"ಇದನ್ನು ಬಿಟ್ಟು ಹೇಗೆ ಬರಲಿ?" ಎಂದ.

ಅವಳು ಹಿರಿಯ ಹೆಂಗಸಿನ ಹೆಜ್ಜೆಯ ಹಿಂದೆ ಹೆಜ್ಜೆ ಇಡುತ್ತ ಹೊರಟಳು. ಅವರಿಬ್ಬರೂ ಮಾತನಾಡುತ್ತ ಹೋದರು. ನಡುವೆ ಒಮ್ಮೆ ಇಬ್ಬರೂ ನಕ್ಕದ್ದು ನೀರಿನ ಮೇಲೆ ವರ್ತಕನಿಗೆ ಕೇಳಿಸಿತು.

ಹನ್ನೊಂದು ಇಪ್ಪತ್ತಕ್ಕೆ ಓಲಗ ಜೋರಾಯಿತು. ಹೊಸ ಮನೆಯ ಹೊಸ್ತಿಲಲ್ಲಿ ತಂಗಿಯ ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಕಾಲಿಗೆ ಮರಳು ಮೆತ್ತಿತ್ತು. ಅದನ್ನು ತಂಗಿ ತಾನೇ ನೀರು ಹಾಕಿ ತೊಳೆದಳು. ಹಿತ್ತಾಳೆಯ ಕಂಬದ ದೀಪವನ್ನೇ ಮೊದಲು ಹಚ್ಚಿದರು. ಹೊಳೆಯ ನಡುವೆ ವರ್ತಕ ಬೋಟಿನ ಅಂಚು ಹಿಡಿದುಕೊಂಡು ಪಂಚೆ ಎತ್ತಿ ನಿಂತಿದ್ದ. ಹನ್ನೆರಡೂವರೆಗೆ ಸಾರಿನ ಒಗ್ಗರಣೆಯ ವಾಸನೆ ಬಂತು. ಒಂದಕ್ಕೆ ಹೋಳಿಗೆಯ ವಾಸನೆ ಬಂತು. ಈ ನಡುವೆ ಬೋಟು ಮೆಲ್ಲನೆ ಹಗುರಾಗಿ ಅಲುಗಿದಾಗ, ಇನ್ನೇನು ಸ್ಟಾರ್ಟ್ ಆಗಬಹುದು ಎಂದು ಅವನು ಮತ್ತೆ ಒಮ್ಮೆ ಕೀಲಿ ತಿರುಗಿಸಿ ನೋಡಿದ.

ಮೂರು ಗಂಟೆಗೆ, ಉಬ್ಬರದಲ್ಲಿ, ಷಡ್ಡಕ ತನ್ನ ಹುಟ್ಟು ದೋಣಿ ತಂದ. ಜೊತೆಗೆ ವರ್ತಕನ ಹೆಂಡತಿಯೂ ಬಂದಿದ್ದಳು. ಅವಳ ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಎರಡು ಹೋಳಿಗೆ ಇದ್ದವು.

ವರ್ತಕ ತಲೆ ತಗ್ಗಿಸಿದ. "ನಿನ್ನನ್ನು ಬಾಗಿಲಲ್ಲಿ ಇಳಿಸುತ್ತೇನೆ ಅಂದಿದ್ದೆ."

"ಹತ್ತಿರದವರೆಗೆ ತಂದಿರಲ್ಲ" ಎಂದಳು ಅವಳು. "ಉಳಿದದ್ದಕ್ಕೆ ಕಾಲಿತ್ತು. ತಿನ್ನಿ."

ಷಡ್ಡಕ ಬೋಟಿಗೆ ಹಗ್ಗ ಕಟ್ಟಿದ. ಒಳಗೆ ಇಣುಕಿದ. ಒಳಗಿನ ನೀರು, ಅದರ ಮೇಲೆ ತೇಲುತ್ತಿದ್ದ ಎಣ್ಣೆಯ ಬಣ್ಣ ನೋಡಿದ. ನಗಬಾರದೆಂದು ಬಹಳ ಕಷ್ಟಪಟ್ಟ.

"ಭಾವ, ಕೇಳುತ್ತೇನೆ ಅಂತ ಬೇಸರ ಮಾಡಬೇಡಿ. ಕೊಳ್ಳುವ ಮೊದಲು ಒಂದು ಸಲ ನೋಡಬಾರದಿತ್ತೇ?"

ವರ್ತಕನ ಬಾಯಲ್ಲಿ ಹೋಳಿಗೆಯಿತ್ತು. ನುಂಗಿ, ಸತ್ಯವನ್ನೇ ಹೇಳಿದ.

"ಎಲ್ಲ ನೋಡಿದೆ."

ಗುರುಗಳು ಕತೆ ನಿಲ್ಲಿಸಿದರು.

ಸುಬ್ರಾಯ ಪುಸ್ತಕದಲ್ಲಿ ಎರಡು ಪುಟ ಬರೆದುಕೊಂಡಿದ್ದ. ಎಂಜಿನ್ ತಣ್ಣಗಿರಬೇಕು. ಎಣ್ಣೆಯ ಬಣ್ಣ. ತಳ ತಟ್ಟಿ ಕೇಳಬೇಕು. ಜಾಲರಿ, ಚಕ್ರ, ಸಂದು. ಕೇಬಲ್ಲು. ಕಾಗದಪತ್ರ. ನೀರಿನಲ್ಲಿ ಅರ್ಧ ಗಂಟೆ. ಪ್ರತಿಯೊಂದರ ಮುಂದೆ ಸರಿ ಗುರುತು ಹಾಕಲು ಜಾಗ ಬಿಟ್ಟಿದ್ದ. ಅವನ ಮುಖ ಅರಳಿತ್ತು.

"ಗುರುಗಳೇ, ಅರ್ಥವಾಯಿತು. ನೋಡುವ ಮೊದಲೇ ಗಳಿಗೆ ಇಡಿಸಿದ್ದು ಅವನ ತಪ್ಪು. ನಾನು ಯಾವ ಗಳಿಗೆಯನ್ನೂ ಕೇಳಿಲ್ಲ. ಯಾರಿಗೂ ಹೇಳಿಲ್ಲ. ನಾಳೆ ಬರೀ ನೋಡಿ ಬರುತ್ತೇನೆ. ಒಂದು ದೋಷ ಕಂಡರೂ ಬಿಟ್ಟು ಬರುತ್ತೇನೆ."

"ಒಳ್ಳೆಯದು" ಎಂದರು ಗುರುಗಳು.

ಸುಬ್ರಾಯ ನಮಸ್ಕರಿಸಿ ಎದ್ದ. ಬಾಗಿಲ ತನಕ ಹೋದ.

"ಸುಬ್ರಾಯ, ಆ ಬೋಟಿಗೆ ಹೆಸರು ಏನಂತ ಇಟ್ಟಿದ್ದೀಯ?"

ಸುಬ್ರಾಯ ಬಾಗಿಲಲ್ಲೇ ನಿಂತ. ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿದ್ದ ಹೆಸರನ್ನು ಅಂಗೈಯಿಂದ ಮುಚ್ಚಿದ.